ಹಗ್ಗದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ.

ಪರ್ವತಾರೋಹಣದ ಚರಿತ್ರೆ ಹೇಳಿ, ಇವತ್ತು ಅದು ಎಲ್ಲಿಗೆ ಬಂದು ನಿಂತಿದೆ ಅಂತಲೂ ಹೇಳಿ ಎಂದು ಕರೆದಿದ್ದೀರಿ. ಈ ಚರಿತ್ರೆಯನ್ನು ಸಾಮಾನ್ಯವಾಗಿ ಹೇಳುವ ಒಂದು ಕ್ರಮ ಇದೆ. ಯಾವ ಶಿಖರ, ಎಷ್ಟು ಎತ್ತರ, ಮೊದಲು ಯಾರು ಹತ್ತಿದರು, ಯಾವ ಇಸವಿ. ಹಾಗೆ ಹೇಳಿದರೆ ಹೆಸರುಗಳ ಪಟ್ಟಿ ಓದಿದಂತಾಗುತ್ತದೆ, ಮನೆಗೆ ಹೋಗುವಷ್ಟರಲ್ಲಿ ಮರೆತೂ ಹೋಗುತ್ತದೆ. ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಹತ್ತುವವರ ಸೊಂಟಕ್ಕೆ ಕಟ್ಟಿರುವ ಹಗ್ಗವನ್ನು ಹಿಡಿದುಕೊಂಡು ಹೋಗೋಣ. ಆ ಹಗ್ಗದ ಇನ್ನೊಂದು ತುದಿ ಎಲ್ಲಿದೆ, ಯಾರ ಕೈಯಲ್ಲಿದೆ ಅಂತ ನೋಡುತ್ತಾ ಹೋದರೆ, ಸುಮಾರು ಇನ್ನೂರ ನಲವತ್ತು ವರ್ಷಗಳಲ್ಲಿ ಏನೇನು ಬದಲಾಯಿತು ಅನ್ನುವುದು ಗೊತ್ತಾಗುತ್ತದೆ.

ಶುರುವಿನಲ್ಲಿ ಹಗ್ಗವೇ ಇರಲಿಲ್ಲ. 1760ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ಆಲ್ಪ್ಸ್ ಸಾಲಿನ ಮೌಂಟ್ ಬ್ಲಾಂಕ್ ಪರ್ವತವನ್ನು ನೋಡಿ, ಅದರ ನೆತ್ತಿಗೆ ದಾರಿ ಹುಡುಕಿದವರಿಗೆ ಬಹುಮಾನ ಕೊಡುತ್ತೇನೆ ಅಂದರು. ಇಪ್ಪತ್ತಾರು ವರ್ಷ ಅದು ಯಾರಿಗೂ ದಕ್ಕಲಿಲ್ಲ. 1786ರ ಆಗಸ್ಟ್ 8ರಂದು ಬೆಟ್ಟದ ಬುಡದ ಶಮೊನಿ ಊರಿನ ಇಬ್ಬರು ಹತ್ತಿದರು. ಒಬ್ಬರು ಊರಿನ ಡಾಕ್ಟರ್ ಮಿಶೆಲ್ ಪಕ್ಕಾರ್. ಇನ್ನೊಬ್ಬರು ಬೆಟ್ಟದಲ್ಲಿ ಹರಳುಕಲ್ಲು ಹುಡುಕಿ ಮಾರುತ್ತಿದ್ದ ಜಾಕ್ ಬಲ್ಮಾ. ಹಗ್ಗವಿಲ್ಲ, ಹಿಮಕ್ಕೆ ಊರುವ ಐಸ್ ಆಕ್ಸ್ ಎಂಬ ಕೊಡಲಿ ಇಲ್ಲ. ಕೈಯಲ್ಲಿ ಒಂದೊಂದು ಉದ್ದನೆಯ ಕೋಲು. ಹಿಮನದಿಯ ಬಿರುಕುಗಳನ್ನು ಆ ಕೋಲನ್ನೇ ನಂಬಿ ದಾಟಿದರು.

ಇಳಿದು ಬಂದ ಮೇಲೆ ಜಗಳ ಶುರುವಾಯಿತು. ನಿಜವಾಗಿ ಹತ್ತಿದ್ದು ಬಲ್ಮಾ, ಡಾಕ್ಟರನ್ನು ಅವರು ಎಳೆದುಕೊಂಡು ಹೋದರು ಎಂಬ ಕಥೆ ಹಬ್ಬಿತು. ಶಮೊನಿಯಲ್ಲಿ 1887ರಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಬಲ್ಮಾ ಇದ್ದಾರೆ, ಬಹುಮಾನ ಕೊಟ್ಟ ಸೊಸ್ಯೂರ್ ಇದ್ದಾರೆ, ಪಕ್ಕಾರ್ ಇಲ್ಲ. ಅವರ ಪ್ರತಿಮೆ ಬಂದದ್ದು 1986ರಲ್ಲಿ, ಹತ್ತಿ ಇನ್ನೂರು ವರ್ಷವಾದ ಮೇಲೆ. ಮೊದಲ ದೊಡ್ಡ ಶಿಖರದಲ್ಲೇ ಜೊತೆಗಾರನ ಹೆಸರು ಅಳಿಸಿಹೋಗಿತ್ತು ನೋಡಿ. ಮುಂದೆಯೂ ಇದು ಮತ್ತೆ ಮತ್ತೆ ಆಗುತ್ತದೆ.

ಮೌಂಟ್ ಬ್ಲಾಂಕ್ ಪ್ರಸಿದ್ಧವಾದ ಮೇಲೆ ದುಡ್ಡಿರುವವರು ಬರತೊಡಗಿದರು. ಶಮೊನಿಯ ರೈತರು, ಬೇಟೆಗಾರರು ಗೈಡ್‌ಗಳಾದರು. 1820ರಲ್ಲಿ ಹಾಮೆಲ್ ಎಂಬ ರಷ್ಯಾದ ವಿಜ್ಞಾನಿಯ ತಂಡ ಹೊರಟಿತು. ಹವಾಮಾನ ಸರಿ ಇಲ್ಲ, ಬೇಡ ಅಂತ ಗೈಡ್‌ಗಳು ಹೇಳಿದರೂ ಹತ್ತಬೇಕಾಯಿತು. ಹಿಮ ಜಾರಿತು. ಮೂವರು ಗೈಡ್‌ಗಳು ಬಿರುಕಿನೊಳಗೆ ಹೋದರು. ಕರೆಸಿಕೊಂಡವರು ಬದುಕಿದರು. ಮಾರನೆಯ ವರ್ಷವೇ ಶಮೊನಿಯ ಗೈಡ್‌ಗಳು ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು. ಅದು ಇವತ್ತಿಗೂ ಇದೆ. ಸತ್ತ ಆ ಮೂವರ ಅವಶೇಷಗಳನ್ನು ಹಿಮನದಿ ನಿಧಾನವಾಗಿ ಹೊತ್ತು ತಂದು 1861ರಲ್ಲಿ ಕೆಳಗೆ ಬಿಟ್ಟಿತು.

ಇಲ್ಲಿಂದ ಮುಂದಿನ ಕಾಲವನ್ನು ಆಲ್ಪ್ಸ್‌ನ ಸುವರ್ಣಯುಗ ಅನ್ನುತ್ತಾರೆ. 1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ ಶುರುವಾಯಿತು. ಬ್ರಿಟನ್ನಿನ ವಕೀಲರು, ಪಾದ್ರಿಗಳು, ಮೇಷ್ಟ್ರುಗಳು ರಜೆಯಲ್ಲಿ ಬಂದು, ಸ್ವಿಸ್ ಮತ್ತು ಫ್ರೆಂಚ್ ಗೈಡ್‌ಗಳ ಜೊತೆ ಒಂದರ ಮೇಲೊಂದು ಶಿಖರ ಹತ್ತಿದರು. ಈ ಹೊತ್ತಿಗೆ ಹಗ್ಗ ಬಂದಿತ್ತು. ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಸಾಲಾಗಿ ನಡೆಯುವುದು. ಒಬ್ಬ ಜಾರಿದರೆ ಉಳಿದವರು ಹಿಡಿಯಬೇಕು ಎಂಬ ಲೆಕ್ಕ. ಹಿಡಿಯಲು ಆಗದಿದ್ದರೆ ಏನಾಗುತ್ತದೆ ಅನ್ನುವುದು 1865ರ ಜುಲೈ 14ರಂದು ಲೋಕಕ್ಕೆಲ್ಲ ಗೊತ್ತಾಯಿತು.

ಅವತ್ತು ಎಡ್ವರ್ಡ್ ವಿಂಪರ್ ಸೇರಿ ಏಳು ಜನ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಸಲ ಹತ್ತಿದರು. ಇಳಿಯುವಾಗ ತಂಡದಲ್ಲಿ ಎಲ್ಲರಿಗಿಂತ ಅನುಭವ ಕಡಿಮೆ ಇದ್ದ ಹತ್ತೊಂಬತ್ತು ವರ್ಷದ ಹ್ಯಾಡೋ ಜಾರಿ, ಮುಂದಿದ್ದ ಗೈಡ್ ಕ್ರೋ ಮೇಲೆ ಬಿದ್ದ. ಅವರಿಬ್ಬರ ಭಾರಕ್ಕೆ ಇನ್ನಿಬ್ಬರು ಎಳೆದುಕೊಂಡು ಹೋದರು. ನಾಲ್ಕನೆಯವನ ಹಿಂದಿದ್ದ ಗೈಡ್ ಟೌಗ್‌ವಾಲ್ಡರ್ ಬಂಡೆಯನ್ನು ಅಪ್ಪಿ ನಿಂತರು. ಅವರ ಮತ್ತು ನಾಲ್ಕನೆಯವನ ನಡುವಿನ ಹಗ್ಗ ತುಂಡಾಯಿತು. ನಾಲ್ವರು ಸತ್ತರು, ಮೂವರು ಉಳಿದರು. ತಂಡದ ಬಳಿ ಇದ್ದ ಹಗ್ಗಗಳಲ್ಲೇ ತೀರಾ ದುರ್ಬಲವಾದದ್ದು ಅಲ್ಲಿ ಕಟ್ಟಿದ್ದು ಎಂದು ವಿಚಾರಣೆಯಲ್ಲಿ ಗೊತ್ತಾಯಿತು. ಟೌಗ್‌ವಾಲ್ಡರ್ ಬೇಕಂತಲೇ ಕತ್ತರಿಸಿದರು ಎಂಬ ಗುಮಾನಿಯೂ ಎದ್ದಿತು. ಅವರದ್ದೇನೂ ತಪ್ಪಿಲ್ಲ ಎಂದು ವಿಚಾರಣೆ ಹೇಳಿದರೂ, ಗುಮಾನಿ ಬದುಕಿರುವವರೆಗೂ ಬಿಡಲಿಲ್ಲ. ಆ ಹಗ್ಗದ ತುಂಡು ಝೆರ್ಮಾಟ್ ಊರಿನ ಮ್ಯೂಸಿಯಮ್ಮಿನಲ್ಲಿದೆ.

ಆ ಕಾಲದ ಹಗ್ಗದ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದು ನಾರಿನ ಹಗ್ಗ. ಸೆಣಬಿನ ಜಾತಿಯದು. ನೆನೆದರೆ ಭಾರ, ಚಳಿಗೆ ಹೆಪ್ಪುಗಟ್ಟಿದರೆ ಕೋಲಿನ ಹಾಗೆ ಸೆಟೆಯುತ್ತದೆ. ಹಿಗ್ಗುವುದಿಲ್ಲ. ಬೀಳುವ ದೇಹದ ರಭಸವನ್ನು ಹಗ್ಗ ಹಿಗ್ಗಿ ನುಂಗಿಕೊಳ್ಳದಿದ್ದರೆ ಅಷ್ಟೂ ಪೆಟ್ಟು ಸೊಂಟಕ್ಕೆ ಬೀಳುತ್ತದೆ, ಇಲ್ಲವೇ ಹಗ್ಗ ಹರಿಯುತ್ತದೆ. ಅದಕ್ಕೇ ಆಗಿನವರ ಮೊದಲ ನಿಯಮ, ಮುಂದೆ ಹೋಗುವವನು ಬೀಳಲೇಬಾರದು ಅಂತ. ಎರಡನೇ ಮಹಾಯುದ್ಧದ ಸಮಯದಲ್ಲಿ ನೈಲಾನ್ ಹಗ್ಗ ಬಂತು. ಬಿದ್ದರೂ ಬದುಕಬಹುದು ಎಂಬ ಧೈರ್ಯ ಆಮೇಲೆ ಬಂದದ್ದು. ಇಂದಿನ ಬಂಡೆ ಹತ್ತುವ ಮಕ್ಕಳು ಒಂದೇ ಮಧ್ಯಾಹ್ನ ಹತ್ತು ಸಲ ಬಿದ್ದು ನಗುತ್ತಾ ಏಳುತ್ತಾರಲ್ಲ, ಅದರ ಹಿಂದೆ ಈ ಬದಲಾವಣೆ ಇದೆ.

ನಾರಿನ ಹಗ್ಗದ ಕಾಲದ ಅತ್ಯಂತ ದುಃಖದ ಕಥೆ ಆಯ್ಗರ್ ಪರ್ವತದ ಉತ್ತರ ಮುಖದ್ದು. 1936ರ ಜುಲೈಯಲ್ಲಿ ನಾಲ್ವರು ಯುವಕರು ಹತ್ತಲು ಹೋದರು. ನುಣುಪಾದ ಒಂದು ಬಂಡೆಯನ್ನು ಹಿಂಟರ್‌ಸ್ಟಾಯಿಸರ್ ಎಂಬಾತ ಹಗ್ಗದ ಬಿಗಿತದ ಮೇಲೆ ವಾಲಿಕೊಂಡು ಅಡ್ಡಕ್ಕೆ ದಾಟಿದ. ಎಲ್ಲರೂ ದಾಟಿದ ಮೇಲೆ ಆ ಹಗ್ಗವನ್ನು ಬಿಚ್ಚಿಕೊಂಡು ಮುಂದೆ ಹೋದರು. ಆಮೇಲೆ ಒಬ್ಬನಿಗೆ ಗಾಯವಾಗಿ, ಹವಾಮಾನ ಕೆಟ್ಟು ಹಿಂದಿರುಗಬೇಕಾಯಿತು. ಹಗ್ಗ ಬಿಚ್ಚಿದ್ದರಿಂದ ಬಂದ ದಾರಿ ಮುಚ್ಚಿಹೋಗಿತ್ತು. ಮೂವರು ಸತ್ತರು. ಟೋನಿ ಕುರ್ಟ್ಸ್ ಒಬ್ಬ ಉಳಿದು ಹಗ್ಗದಲ್ಲಿ ನೇತಾಡುತ್ತಿದ್ದ. ಗೈಡ್‌ಗಳು ಅವನ ಕೆಳಗಿನವರೆಗೂ ಬಂದರು. ಅವರು ಕೊಟ್ಟ ಹಗ್ಗ ಉದ್ದ ಸಾಲದೆ ಎರಡನ್ನು ಗಂಟು ಹಾಕಿದ್ದರು. ಇಳಿಯುವಾಗ ಆ ಗಂಟು ಅವನ ಸೊಂಟದ ಕ್ಯಾರಬಿನರ್ ಕೊಂಡಿಯಲ್ಲಿ ತೂರಲಿಲ್ಲ. ಒಂದು ಕೈ ಹೆಪ್ಪುಗಟ್ಟಿತ್ತು, ಹಲ್ಲಿನಿಂದಲೂ ಪ್ರಯತ್ನಪಟ್ಟ. ಗೈಡ್‌ಗಳಿಗೆ ಕೈಗೆಟುಕುವಷ್ಟು ಹತ್ತಿರದಲ್ಲೇ ಪ್ರಾಣ ಹೋಯಿತು. ಎರಡು ವರ್ಷದ ನಂತರ, 1938ರಲ್ಲಿ, ಅದೇ ಮುಖವನ್ನು ಇನ್ನೊಂದು ನಾಲ್ವರ ತಂಡ ಹತ್ತಿತು. ಆ ನುಣುಪು ಬಂಡೆಯ ಮೇಲೆ ಹಗ್ಗವನ್ನು ಅವರು ಬಿಟ್ಟೇ ಹೋದರು.

ಈಗ ಹಿಮಾಲಯಕ್ಕೆ ಬರೋಣ. ಇಲ್ಲಿ ಹಗ್ಗದ ಲೆಕ್ಕವೇ ಬೇರೆಯಾಯಿತು.

ಆಲ್ಪ್ಸ್‌ನಲ್ಲಿ ಮೂರು ನಾಲ್ಕು ಜನ ಎರಡು ದಿನದಲ್ಲಿ ಹತ್ತಿ ಇಳಿಯಬಹುದು. ಎವರೆಸ್ಟ್ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೇ ಒಂದು ಭಾಗ ಮಾತ್ರ. ದೇಹ ಒಗ್ಗಲು ವಾರಗಟ್ಟಲೆ ಬೇಕು. ಅಷ್ಟು ದಿನಕ್ಕೆ ಊಟ, ಡೇರೆ, ಇಂಧನ ಬೇಕು. ಅದನ್ನೆಲ್ಲ ಹೊರುವವರು ಬೇಕು. ಹಾಗಾಗಿ ಸೈನ್ಯದ ಮುತ್ತಿಗೆಯ ಮಾದರಿ ಬಂತು. ಕ್ಯಾಂಪಿನ ಮೇಲೆ ಕ್ಯಾಂಪ್, ನಡುವೆ ಹೊರೆ ಸಾಗಿಸುವ ಶೆರ್ಪಾಗಳು, ಕಡಿದಾದ ಕಡೆ ಬಿಟ್ಟುಬಂದ ಹಗ್ಗ. ಜನ ಒಬ್ಬರಿಗೊಬ್ಬರು ಕಟ್ಟಿಕೊಳ್ಳುತ್ತಿದ್ದ ಹಗ್ಗ ಇಲ್ಲಿ ನಿಧಾನವಾಗಿ ಬೆಟ್ಟಕ್ಕೆ ಕಟ್ಟಿದ ಹಗ್ಗವಾಗತೊಡಗಿತು.

1922ರ ಜೂನ್ 7ರಂದು ಎವರೆಸ್ಟ್‌ನ ಉತ್ತರದ ಬದಿಯಲ್ಲಿ ನಾರ್ತ್ ಕೋಲ್ ಎಂಬ, ಎರಡು ಶಿಖರಗಳ ನಡುವಿನ ತಗ್ಗಿನ ಕಡೆಗೆ ಬ್ರಿಟಿಷ್ ತಂಡದ ಮ್ಯಾಲರಿ, ಸೋಮರ್ವೆಲ್ ಮತ್ತು ಕ್ರಾಫರ್ಡ್ ಹದಿನಾಲ್ಕು ಜನ ಹೊರೆಯಾಳುಗಳನ್ನು ಕರೆದುಕೊಂಡು ಹೊರಟಿದ್ದರು. ಹೊಸ ಹಿಮ ಬಿದ್ದಿತ್ತು. ಹಿಮಕುಸಿತವಾಗಿ ಏಳು ಜನ ಹೊರೆಯಾಳುಗಳು ಸತ್ತರು. ಬ್ರಿಟಿಷರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಎವರೆಸ್ಟ್ ಹತ್ತುವ ಪ್ರಯತ್ನದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವರಲ್ಲಿ ಇವರೇ ಮೊದಲಿಗರು. ನಮ್ಮಲ್ಲಿ ಒಬ್ಬರಾದರೂ ಅವರ ಜೊತೆ ಸಾಯದೆ ಹೋದೆವಲ್ಲ ಎಂಬ ಕೊರಗನ್ನು ಸೋಮರ್ವೆಲ್ ಬರೆದುಕೊಂಡಿದ್ದಾರೆ. ಅವರು ಡಾಕ್ಟರ್. ಆ ಯಾತ್ರೆಯ ನಂತರ ಲಂಡನ್ನಿನ ಕೆಲಸ ಬಿಟ್ಟು ತಿರುವಾಂಕೂರಿನ ನೆಯ್ಯೂರಿನ ಆಸ್ಪತ್ರೆಗೆ ಬಂದು ಬಹುಕಾಲ ಸೇವೆ ಮಾಡಿದರು. ಎರಡು ವರ್ಷದ ನಂತರ ಮ್ಯಾಲರಿ, ಅರ್ವಿನ್ ಇಬ್ಬರೂ ಕಣ್ಮರೆಯಾದರಲ್ಲ, ಅದು ಎಲ್ಲರಿಗೂ ಗೊತ್ತು. 1922ರ ಆ ಏಳು ಜನರ ಹೆಸರು ಎಷ್ಟು ಮಂದಿಗೆ ಗೊತ್ತು?

ಜರ್ಮನ್ನರ ನಂಗಾ ಪರ್ಬತ್ ಯಾತ್ರೆಗಳಲ್ಲಿ ಇದು ಇನ್ನೂ ಘೋರವಾಯಿತು. 1934ರ ಬಿರುಗಾಳಿಯಲ್ಲಿ ಮೇಲಿನ ಕ್ಯಾಂಪುಗಳಿಂದ ಇಳಿಯಲಾಗದೆ ಮೂವರು ಜರ್ಮನ್ನರು, ಆರು ಶೆರ್ಪಾಗಳು ಸತ್ತರು. ನಾಯಕ ಮರ್ಕಲ್ ನಡೆಯಲಾರದೆ ಹೋದಾಗ ಗೇಲೇ ಎಂಬ ಶೆರ್ಪಾ ಅವರನ್ನು ಬಿಟ್ಟು ಇಳಿಯದೆ ಅಲ್ಲೇ ಉಳಿದು ಪ್ರಾಣ ಬಿಟ್ಟರು. 1937ರಲ್ಲಿ ಅದೇ ಬೆಟ್ಟದಲ್ಲಿ ಒಂದೇ ರಾತ್ರಿಯ ಹಿಮಕುಸಿತದಲ್ಲಿ ಹದಿನಾರು ಜನ ಹೋದರು. ಅವರಲ್ಲಿ ಒಂಬತ್ತು ಮಂದಿ ಶೆರ್ಪಾಗಳು.

1953ನ್ನು ಎಲ್ಲರೂ ಎವರೆಸ್ಟ್ ವರ್ಷ ಅನ್ನುತ್ತಾರೆ. ನನ್ನ ಮಟ್ಟಿಗೆ ಆ ವರ್ಷದಲ್ಲಿ ಹಗ್ಗದ ಎರಡು ಕಥೆಗಳಿವೆ.

ಮೊದಲನೆಯದು ತೇನ್‌ಸಿಂಗ್ ಮತ್ತು ಹಿಲರಿ ಅವರದ್ದು. ಮೇ 29ರಂದು ತುದಿ ಮುಟ್ಟುವ ಮುಂಚೆಯೇ, ಎವರೆಸ್ಟ್ ಬುಡದಲ್ಲಿ ಹಿಮನದಿ ಒಡೆದು ಜಾರುವ ಖುಂಬು ಐಸ್‌ಫಾಲ್‌ನಲ್ಲಿ ಅವಸರದಲ್ಲಿ ಇಳಿಯುತ್ತಿದ್ದ ಹಿಲರಿ ಒಂದು ಬಿರುಕಿಗೆ ಬಿದ್ದಿದ್ದರು. ಹಗ್ಗದ ಇನ್ನೊಂದು ತುದಿಯಲ್ಲಿ ತೇನ್‌ಸಿಂಗ್ ಇದ್ದರು. ತಕ್ಷಣ ಐಸ್ ಆಕ್ಸ್ ಊರಿ ಹಿಡಿದರು. ಹಿಲರಿ ಬದುಕಿದ್ದು ಅದರಿಂದ. ತುದಿಯಿಂದ ಇಳಿದ ಮೇಲೆ ಪತ್ರಕರ್ತರು, ರಾಜಕಾರಣಿಗಳು ಕೇಳಿದ್ದು ಒಂದೇ, ಮೊದಲು ಕಾಲಿಟ್ಟವರು ಯಾರು? ಒಟ್ಟಿಗೆ ಹೋದೆವು ಅಂತ ಇಬ್ಬರೂ ಹೇಳಿದರು. ಒತ್ತಾಯ ಎಷ್ಟಾಯಿತೆಂದರೆ ಎರಡು ವರ್ಷದ ನಂತರ ತೇನ್‌ಸಿಂಗ್ ತಮ್ಮ ಆತ್ಮಕಥೆಯಲ್ಲಿ, ಹಿಲರಿ ಕೆಲವು ಹೆಜ್ಜೆ ಮುಂದಿದ್ದರು ಅಂತ ಬರೆಯಬೇಕಾಯಿತು. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರಿಗೆ ಆ ಪ್ರಶ್ನೆ ಎಷ್ಟು ಅಸಂಬದ್ಧವಾಗಿ ಕೇಳಿಸಿರಬೇಕು, ಅಲ್ವಾ?

ಎರಡನೆಯ ಕಥೆ, ಎವರೆಸ್ಟ್ ಬಿಟ್ಟರೆ ಲೋಕದಲ್ಲೇ ಎತ್ತರವಾದ ಕೆ2 ಪರ್ವತದ್ದು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕನ್ ತಂಡವೊಂದು ಅಲ್ಲಿ ಬಿರುಗಾಳಿಗೆ ಸಿಕ್ಕಿತ್ತು. ಆರ್ಟ್ ಗಿಲ್ಕಿ ಎಂಬ ಯುವಕನ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಅಷ್ಟು ಎತ್ತರದಿಂದ ನಡೆಯಲಾಗದವನನ್ನು ಇಳಿಸುವುದು ಅಸಾಧ್ಯ ಅಂತ ತಂಡದ ಎಲ್ಲರಿಗೂ ಗೊತ್ತಿತ್ತು. ಆದರೂ ಬಿಟ್ಟು ಬರುವ ಮಾತನ್ನು ಯಾರೂ ಎತ್ತಲಿಲ್ಲ. ಮಲಗುವ ಚೀಲ, ಡೇರೆಯ ಬಟ್ಟೆಯಲ್ಲಿ ಸುತ್ತಿ, ಹಗ್ಗದಲ್ಲಿ ಇಳಿಸುತ್ತಾ ಹೊರಟರು. ಆಗಸ್ಟ್ 10ರಂದು ಒಬ್ಬರು ಜಾರಿದರು. ಅವರ ಹಗ್ಗ ಇನ್ನೊಬ್ಬರನ್ನು ಎಳೆಯಿತು, ಅದು ಮತ್ತೊಂದು ಹಗ್ಗಕ್ಕೆ ಸಿಕ್ಕಿತು. ನೋಡುತ್ತಿದ್ದಂತೆ ಐದು ಜನ ಉರುಳುತ್ತಿದ್ದರು. ಪೀಟ್ ಶೋನಿಂಗ್ ಎಂಬ ಇಪ್ಪತ್ತಾರು ವರ್ಷದವರು ಗಿಲ್ಕಿಯನ್ನು ಹಿಡಿದು ನಿಂತಿದ್ದರು. ಅವರ ಐಸ್ ಆಕ್ಸ್ ಒಂದು ಬಂಡೆಯ ಹಿಂದೆ ಊರಿತ್ತು, ಹಗ್ಗ ಅವರ ಮೈ ಸುತ್ತಿ ಹೋಗಿತ್ತು. ಅಷ್ಟೂ ಜನರ ಭಾರ ಅವರ ಮೇಲೆ ಬಿತ್ತು. ಅವರು ಬಿಡಲಿಲ್ಲ. ಎಲ್ಲರೂ ನಿಂತರು. ಆಮೇಲೆ ಸ್ವಲ್ಪ ಹೊತ್ತಿನಲ್ಲೇ ಗಿಲ್ಕಿ ಇದ್ದ ಜಾಗದಲ್ಲಿ ಇರಲಿಲ್ಲ. ಹಿಮಕುಸಿತ ಕೊಂಡೊಯ್ಯಿತೋ, ಬೇರೆಯವರು ಬದುಕಲಿ ಅಂತ ತಾನೇ ಬಿಡಿಸಿಕೊಂಡನೋ ಎಂಬ ಪ್ರಶ್ನೆಯನ್ನು ಆ ತಂಡದವರು ಜೀವನವಿಡೀ ಹೊತ್ತುಕೊಂಡರು. ಶಿಖರ ಅವರಿಗೆ ಸಿಗಲಿಲ್ಲ. ಮರುವರ್ಷ ಇಟಲಿಯವರು ಹತ್ತಿದರು. ಆದರೆ ಪರ್ವತಾರೋಹಣ ಬಲ್ಲವರನ್ನು ಕೇಳಿ ನೋಡಿ. ಸೋತು ಬಂದ ಆ ತಂಡದ ಬಗ್ಗೆ ಮಾತಾಡುವಾಗ ಅವರ ದನಿಯೇ ಬದಲಾಗುತ್ತದೆ. ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಘಟನೆ ಇದೇ.

ಇಟಲಿಯವರ 1954ರ ಗೆಲುವಿನಲ್ಲೂ ಒಂದು ಕಹಿ ಇದೆ. ಕೊನೆಯ ಕ್ಯಾಂಪಿಗೆ ಆಕ್ಸಿಜನ್ ಹೊತ್ತು ತಂದ ಬೊನಾಟ್ಟಿ ಮತ್ತು ಪಾಕಿಸ್ತಾನದ ಹುಂಜಾದ ಅಮೀರ್ ಮೆಹದಿ, ಹೇಳಿದ ಜಾಗದಲ್ಲಿ ಡೇರೆ ಕಾಣದೆ 8,000 ಮೀಟರಿಗಿಂತ ಮೇಲೆ ಬಯಲಲ್ಲಿ ರಾತ್ರಿ ಕಳೆದರು. ಮೆಹದಿ ಕಾಲ್ಬೆರಳುಗಳನ್ನೆಲ್ಲ ಕಳೆದುಕೊಂಡರು. ಮಾರನೆಯ ದಿನ ಅದೇ ಆಕ್ಸಿಜನ್ ತೆಗೆದುಕೊಂಡು ಇಬ್ಬರು ತುದಿಗೆ ಹೋದರು. ಆ ರಾತ್ರಿಯ ಸತ್ಯವನ್ನು ಇಟಲಿಯ ಪರ್ವತಾರೋಹಣ ಸಂಸ್ಥೆ ಅಧಿಕೃತವಾಗಿ ಒಪ್ಪಿಕೊಳ್ಳಲು ಐವತ್ತು ವರ್ಷ ಹಿಡಿಯಿತು.

1964ರ ಹೊತ್ತಿಗೆ 8,000 ಮೀಟರ್ ದಾಟಿದ ಹದಿನಾಲ್ಕೂ ಶಿಖರಗಳನ್ನು ಮನುಷ್ಯರು ಹತ್ತಿ ಮುಗಿಸಿದ್ದರು. 1965ರಲ್ಲಿ ಕೊಹ್ಲಿ ನೇತೃತ್ವದ ಭಾರತೀಯ ತಂಡದ ಒಂಬತ್ತು ಜನ ಎವರೆಸ್ಟ್ ತುದಿ ಮುಟ್ಟಿದರು. ಅವರಲ್ಲಿ ನವಾಂಗ್ ಗೊಂಬು ಅವರಿಗೆ ಅದು ಎರಡನೇ ಸಲ. ಎರಡು ಸಲ ಹತ್ತಿದ ಮೊದಲಿಗರು ಅವರೇ. 1975ರಲ್ಲಿ ಮೊದಲ ಮಹಿಳೆಯಾಗಿ ಜಪಾನಿನ ಜುಂಕೊ ತಾಬೆಯಿ, 1984ರಲ್ಲಿ ಮೊದಲ ಭಾರತೀಯ ಮಹಿಳೆಯಾಗಿ ಬಚೇಂದ್ರಿ ಪಾಲ್ ಹತ್ತಿದರು.

ಎಲ್ಲ ದೊಡ್ಡ ಶಿಖರಗಳೂ ಮುಗಿದಾಗ ಉಳಿದ ಪ್ರಶ್ನೆ ಒಂದೇ, ಹೇಗೆ ಹತ್ತುತ್ತೀರಿ? ಮುತ್ತಿಗೆ ಬೇಡ, ಆಲ್ಪ್ಸ್‌ನಲ್ಲಿ ಹತ್ತುವ ಹಾಗೆಯೇ ಇಲ್ಲೂ ಇಬ್ಬರೋ ಮೂವರೋ ತಮ್ಮ ಹೊರೆ ತಾವೇ ಹೊತ್ತು ಹೋಗೋಣ ಅನ್ನುವವರು ಮುಂದೆ ಬಂದರು. ಇದಕ್ಕೆ ಆಲ್ಪೈನ್ ಸ್ಟೈಲ್ ಅನ್ನುತ್ತಾರೆ. ಇಟಲಿಯ ಮೆಸ್ನರ್ ಮತ್ತು ಆಸ್ಟ್ರಿಯಾದ ಹಾಬೆಲರ್ 1975ರಲ್ಲಿ ಗಾಶರ್‌ಬ್ರುಮ್ 1 ಶಿಖರವನ್ನು ಇಬ್ಬರೇ ಹತ್ತಿ ಬಂದರು. 1978ರ ಮೇ 8ರಂದು ಅವರಿಬ್ಬರೂ ಆಕ್ಸಿಜನ್ ಸಿಲಿಂಡರ್ ಇಲ್ಲದೆ ಎವರೆಸ್ಟ್ ತುದಿ ತಲುಪಿದರು. ಅಲ್ಲಿಯವರೆಗೆ ಅದು ಮನುಷ್ಯನಿಂದ ಆಗದ ಕೆಲಸ ಅಂತ ಹೇಳಿದ ಡಾಕ್ಟರುಗಳೇ ಜಾಸ್ತಿ.

ಹೀಗೆ ಒಂದು ದಾರಿ ಹಗುರಾಗುತ್ತಾ ಹೋಯಿತು. ಇನ್ನೊಂದು ದಾರಿ ಎವರೆಸ್ಟ್ ಕಡೆಗೆ ಅಗಲವಾಗುತ್ತಾ ಹೋಯಿತು. 1985ರಲ್ಲಿ ಡಿಕ್ ಬ್ಯಾಸ್ ಎಂಬ ಐವತ್ತೈದು ವರ್ಷದ ಅಮೆರಿಕನ್ ಉದ್ಯಮಿ, ನುರಿತವರ ಜೊತೆ ಎವರೆಸ್ಟ್ ಹತ್ತಿದರು. ದುಡ್ಡು ಮತ್ತು ಹಟ ಇದ್ದರೆ ಹವ್ಯಾಸಿಗಳೂ ಹತ್ತಬಹುದು ಅನ್ನುವುದು ಆಗ ಕಂಡಿತು. ತೊಂಬತ್ತರ ದಶಕದಲ್ಲಿ ಕಂಪನಿಗಳು ಬಂದವು. 1996ರ ಮೇ 10ರ ಬಿರುಗಾಳಿಯಲ್ಲಿ ಎರಡೂ ಬದಿ ಸೇರಿ ಎಂಟು ಜನ ಸತ್ತರು. ದಕ್ಷಿಣದ ಬದಿಯಲ್ಲಿ ತಡವಾಗಿದ್ದಕ್ಕೆ ಒಂದು ಕಾರಣ, ಮೇಲಿನ ಕಡಿದಾದ ಜಾಗಗಳಲ್ಲಿ ಹಗ್ಗ ಮೊದಲೇ ಕಟ್ಟಿರಲಿಲ್ಲ. ಹಗ್ಗ ಕಟ್ಟುವವರೆಗೆ ಜನ ಸಾಲಾಗಿ ಕಾಯುತ್ತಾ ನಿಂತರು. ಕಟ್ಟಿದ ಹಗ್ಗವಿಲ್ಲದೆ ಮುಂದೆ ಹೋಗಲಾರದ ಹಂತಕ್ಕೆ ಪರ್ವತಾರೋಹಣ ಬಂದಿತ್ತು.

ಈಗ ಹೇಗಿದೆ ಅಂದರೆ, ಎವರೆಸ್ಟ್‌ನ ನೇಪಾಳದ ಬದಿಯಲ್ಲಿ ಹೆಚ್ಚುಕಡಿಮೆ ಬುಡದಿಂದ ತುದಿಯವರೆಗೂ ಹಗ್ಗದ ಸಾಲಿದೆ. ಪ್ರತಿ ವಸಂತದಲ್ಲೂ ಮೊದಲು ಐಸ್‌ಫಾಲ್ ಡಾಕ್ಟರ್‌ಗಳು ಬರುತ್ತಾರೆ. ಇವರು ಶೆರ್ಪಾಗಳು. ದಿನವೂ ಸರಿಯುವ ಹಿಮದ ಗೋಡೆಗಳ ನಡುವೆ ದಾರಿ ಹುಡುಕಿ, ಅಲ್ಯುಮಿನಿಯಂ ಏಣಿ ಜೋಡಿಸಿ ಹಗ್ಗ ಕಟ್ಟುತ್ತಾರೆ. ಆಮೇಲೆ ಇನ್ನೊಂದು ಶೆರ್ಪಾ ತಂಡ ಮೇಲಿನವರೆಗೂ ಹಗ್ಗ ಎಳೆಯುತ್ತದೆ. ಆ ಋತುವಿನಲ್ಲಿ ಮೊದಲು ತುದಿ ಮುಟ್ಟುವವರು ಸಾಮಾನ್ಯವಾಗಿ ಈ ಹಗ್ಗ ಕಟ್ಟುವವರೇ. ಅವರ ಹೆಸರು ಸುದ್ದಿಯಲ್ಲಿ ಒಂದು ಸಾಲು ಬಂದರೆ ಹೆಚ್ಚು. ಹಿಂದೆ ಬರುವ ಗ್ರಾಹಕರು ಜೂಮರ್ ಎಂಬ ಹಿಡಿಯನ್ನು ಹಗ್ಗಕ್ಕೆ ಸಿಕ್ಕಿಸಿಕೊಂಡು ಹತ್ತುತ್ತಾರೆ. ಜೂಮರ್ ಮೇಲಕ್ಕೆ ಸರಿಯುತ್ತದೆ, ಕೆಳಕ್ಕೆ ಜಾರುವುದಿಲ್ಲ.

ಬದಲಾವಣೆ ಏನು ಅಂತ ಗಮನಿಸಿ. ಆ ಹಗ್ಗದ ಎರಡು ತುದಿಯೂ ಬೆಟ್ಟದಲ್ಲಿದೆ. ಮುಂದಿರುವವರು ಯಾರೋ, ಹಿಂದಿರುವವರು ಯಾರೋ. ಮುಂದಿನವರು ಕುಸಿದರೆ ನೀವು ಎಳೆದುಕೊಂಡು ಹೋಗುವುದಿಲ್ಲ. ಕೊಂಡಿ ಬಿಚ್ಚಿ, ಅವರನ್ನು ದಾಟಿ, ಮತ್ತೆ ಸಿಕ್ಕಿಸಿಕೊಂಡು ಮುಂದೆ ಹೋಗಬಹುದು. ನನಗೆ ಕಳವಳ ತರುವುದು ಈ ಅನುಕೂಲವೇ. ಸಾಲು ಉದ್ದವಾಗುವುದೂ ಇದರಿಂದಲೇ. 2019ರ ಮೇ 22ರಂದು ನೇಪಾಳದ ಪರ್ವತಾರೋಹಿ ನಿರ್ಮಲ್ ಪುರ್ಜಾ ತೆಗೆದ ಆ ಫೋಟೊ ನೀವೆಲ್ಲ ನೋಡಿದ್ದೀರಿ. ತುದಿಗೆ ಹೋಗುವ ಕಿರಿದಾದ ಬೆಟ್ಟದಂಚಿನ ಮೇಲೆ ಬಣ್ಣಬಣ್ಣದ ಕೋಟುಗಳ ಸಾಲು, ಎಲ್ಲರೂ ಒಂದೇ ಹಗ್ಗಕ್ಕೆ ಸಿಕ್ಕಿಕೊಂಡು ಅಲ್ಲಾಡದೆ ನಿಂತಿದ್ದಾರೆ. ಅಷ್ಟು ಜನ ಇದ್ದರೂ ಅಲ್ಲಿ ಎಷ್ಟು ಮಂದಿ ಒಬ್ಬರಿಗೊಬ್ಬರು ಕಟ್ಟಿಕೊಂಡಿದ್ದರು?

ಹಗ್ಗ ಕಟ್ಟುವವರ, ಹೊರೆ ಹೊರುವವರ ಪಾಲಿಗೆ ಈ ವ್ಯವಸ್ಥೆಯ ಬೆಲೆ ಏನು ಅನ್ನುವುದು 2014ರ ಏಪ್ರಿಲ್ 18ರಂದು ಗೊತ್ತಾಯಿತು. ಐಸ್‌ಫಾಲ್ ಮೇಲಿಂದ ಹಿಮದ ಬಂಡೆ ಕುಸಿದು ಹದಿನಾರು ಜನ ನೇಪಾಳಿಗರು ಸತ್ತರು. ಎಲ್ಲರೂ ಕೆಲಸದ ಮೇಲಿದ್ದವರು. ಗ್ರಾಹಕರು ಐಸ್‌ಫಾಲ್ ದಾಟುವುದು ಕೆಲವೇ ಸಲ. ಹೊರೆ ಹೊತ್ತವರು ಅದಕ್ಕಿಂತ ಎಷ್ಟೋ ಹೆಚ್ಚು ಸಲ ದಾಟಬೇಕು. ಸರ್ಕಾರ ಮೊದಲು ಘೋಷಿಸಿದ ಪರಿಹಾರ ಒಂದು ಮನೆಗೆ 40,000 ನೇಪಾಳಿ ರೂಪಾಯಿ. ಸಿಟ್ಟಿಗೆದ್ದ ಶೆರ್ಪಾಗಳು ಆ ಋತುವಿನಲ್ಲಿ ಹತ್ತುವುದಿಲ್ಲ ಅಂದರು. ವಿಮೆಯ ಮೊತ್ತ 10,000 ಡಾಲರಿನಿಂದ 15,000 ಡಾಲರಿಗೆ ಏರಿತು. ಒಬ್ಬ ಗ್ರಾಹಕ ಕಟ್ಟುವ ಹಣಕ್ಕೆ ಹೋಲಿಸಿದರೆ ಇದು ಕಡಿಮೆಯೇ. 2025ರ ಸೆಪ್ಟೆಂಬರಿನಿಂದ ನೇಪಾಳ ವಸಂತ ಋತುವಿನ ಎವರೆಸ್ಟ್ ಪರ್ಮಿಟ್ ಶುಲ್ಕವೊಂದನ್ನೇ 11,000ದಿಂದ 15,000 ಡಾಲರಿಗೆ ಏರಿಸಿದೆ.

2023ರಲ್ಲಿ ಎರಡು ಘಟನೆಗಳಾದವು. ಮೇ ತಿಂಗಳಲ್ಲಿ ಎವರೆಸ್ಟ್‌ನ ಸಾವಿನ ವಲಯದಲ್ಲಿ, ಅಂದರೆ ಉಸಿರಾಡಲು ಆಕ್ಸಿಜನ್ ಸಾಲದಷ್ಟು ಎತ್ತರದಲ್ಲಿ, ಒಬ್ಬರೇ ಹಗ್ಗ ಹಿಡಿದು ನಡುಗುತ್ತಿದ್ದ ಮಲೇಷ್ಯಾದ ವ್ಯಕ್ತಿಯೊಬ್ಬರನ್ನು ಗೇಲ್ಜೆ ಶೆರ್ಪಾ ನೋಡಿದರು. ತಮ್ಮ ಗ್ರಾಹಕರನ್ನು ಒಪ್ಪಿಸಿ ತುದಿಯ ಯಾತ್ರೆ ಬಿಟ್ಟರು. ಆ ವ್ಯಕ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು, ಎಳೆದುಕೊಂಡು ಗಂಟೆಗಟ್ಟಲೆ ಇಳಿಸಿ ಬದುಕಿಸಿದರು. ಜುಲೈಯಲ್ಲಿ ಕೆ2 ಪರ್ವತದ ಬಾಟಲ್‌ನೆಕ್ ಎಂಬ ಕಿರಿದಾದ ಜಾಗದಲ್ಲಿ, ಹಗ್ಗ ಕಟ್ಟುವ ತಂಡದ ಜೊತೆಗಿದ್ದ ಪಾಕಿಸ್ತಾನದ ಮೊಹಮ್ಮದ್ ಹಸನ್ ಬಿದ್ದರು. ಕೆಲವರು ಅವರನ್ನು ಮೇಲೆಳೆದು ಉಳಿಸಲು ಪ್ರಯತ್ನಪಟ್ಟರು. ಸಾಲಿನಲ್ಲಿದ್ದ ಬಹಳಷ್ಟು ಜನ ದಾಟಿ ಹೋದರು. ಹಸನ್ ಅಲ್ಲೇ ಸತ್ತರು. ಆ ಜಾಗದಲ್ಲಿ ಯಾರು ಏನು ಮಾಡಬಹುದಿತ್ತು ಅಂತ ಕೆಳಗೆ ಕೂತು ತೀರ್ಪು ಕೊಡುವುದು ಸುಲಭ, ನಾನು ಕೊಡುವುದಿಲ್ಲ. ಆದರೆ ಎಪ್ಪತ್ತು ವರ್ಷದ ಹಿಂದೆ ಅದೇ ಬೆಟ್ಟದಲ್ಲಿ ಗಿಲ್ಕಿಗಾಗಿ ಇಡೀ ತಂಡ ಪ್ರಾಣ ಒಡ್ಡಿತ್ತು ಅನ್ನುವುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಒಳ್ಳೆಯ ಸುದ್ದಿಯೂ ಇದೆ, ಅದನ್ನು ಸಂತೋಷದಿಂದಲೇ ಹೇಳುತ್ತೇನೆ. ಚಳಿಗಾಲದಲ್ಲಿ ಯಾರಿಗೂ ಒಲಿಯದೆ ಉಳಿದಿದ್ದ ಕೊನೆಯ 8,000 ಮೀಟರ್ ಶಿಖರ ಕೆ2. 2021ರ ಜನವರಿ 16ರಂದು ಹತ್ತು ಜನ ನೇಪಾಳಿಗರು ಅದನ್ನು ಹತ್ತಿದರು. ಬೇರೆ ಬೇರೆ ತಂಡದವರು ಒಂದಾಗಿ, ಹಗ್ಗವನ್ನೂ ತಾವೇ ಕಟ್ಟಿಕೊಂಡು ಹೋದರು. ತುದಿಗೆ ಸ್ವಲ್ಪ ಕೆಳಗೆ ನಿಂತು, ಎಲ್ಲರೂ ಬಂದು ಸೇರುವವರೆಗೆ ಕಾದು, ರಾಷ್ಟ್ರಗೀತೆ ಹಾಡುತ್ತಾ ಒಟ್ಟಿಗೆ ಕಾಲಿಟ್ಟರು. ಮೊದಲು ಯಾರು ಅಂತ ಕೇಳಲು ಅವಕಾಶವನ್ನೇ ಕೊಡಲಿಲ್ಲ. ಇವತ್ತು ದೊಡ್ಡ ಕಂಪನಿಗಳಲ್ಲಿ ಅನೇಕವು ನೇಪಾಳಿಗರದ್ದೇ. ಹೊರೆ ಹೊರುತ್ತಿದ್ದ ಮನೆತನದ ಮಕ್ಕಳು ಮಾಲೀಕರು, ಅಂತಾರಾಷ್ಟ್ರೀಯ ಮಾನ್ಯತೆ ಪಡೆದ ಗೈಡ್‌ಗಳು ಆಗಿದ್ದಾರೆ.

ಆದರೆ ಹಗ್ಗ ಕಟ್ಟಲು ಬೇಕಾದ ಬೆಟ್ಟವೇ ಸಡಿಲವಾಗುತ್ತಿದೆ. ಎತ್ತರದ ಬಂಡೆಗಳನ್ನು ಒಟ್ಟಿಗೆ ಹಿಡಿದಿರುವುದು ಬಿರುಕುಗಳೊಳಗೆ ವರ್ಷವಿಡೀ ಕರಗದೆ ಇರುವ ಹಿಮ. ಅದು ಗೋಡೆಯ ಕಲ್ಲುಗಳ ನಡುವಿನ ಗಾರೆಯ ಹಾಗೆ. ಅದು ಕರಗಿದರೆ ಬಂಡೆ ಕಳಚುತ್ತದೆ. ಬೊನಾಟ್ಟಿ 1955ರಲ್ಲಿ ಒಬ್ಬರೇ ಆರು ದಿನ ಹೋರಾಡಿ ಹತ್ತಿದ, ಶಮೊನಿ ಬಳಿಯ ದ್ರು ಪರ್ವತದ ಕಂಬದಂಥ ಬಂಡೆ 2005ರಲ್ಲಿ ಕುಸಿದು ಹೋಯಿತು. ಆ ದಾರಿಯೇ ಈಗ ಇಲ್ಲ. 2022ರ ಜುಲೈ 3ರಂದು ಇಟಲಿಯ ಮಾರ್ಮೊಲಾಡಾ ಹಿಮನದಿಯ ಒಂದು ಭಾಗ ಮುರಿದು ಹನ್ನೊಂದು ಜನ ಸತ್ತರು. ಅದೇ ಬೇಸಿಗೆಯಲ್ಲಿ ಕಲ್ಲು ಬೀಳುವುದು ಜಾಸ್ತಿಯಾಗಿ ಮ್ಯಾಟರ್‌ಹಾರ್ನ್ ಮತ್ತು ಮೌಂಟ್ ಬ್ಲಾಂಕ್‌ನ ಮಾಮೂಲಿ ದಾರಿಗಳಲ್ಲಿ ಗೈಡ್‌ಗಳು ಕೆಲವು ಕಾಲ ಜನರನ್ನು ಕರೆದೊಯ್ಯುವುದನ್ನೇ ನಿಲ್ಲಿಸಿದರು. ಎವರೆಸ್ಟ್‌ನ ಸೌತ್ ಕೋಲ್ ಹಿಮನದಿ 7,900 ಮೀಟರಿಗಿಂತ ಮೇಲಿದೆ. ಅಲ್ಲಿ ಸುಮಾರು 2,000 ವರ್ಷಗಳಲ್ಲಿ ಕೂಡಿದ ಹಿಮ ಇಪ್ಪತ್ತೈದು ವರ್ಷದಲ್ಲಿ ಕರಗಿದೆ ಎಂದು ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು.

ಅದೇ ವರ್ಷದ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ದ್ರೌಪದಿ ಕಾ ಡಾಂಡಾ-2 ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿತು. ಇಪ್ಪತ್ತೈದಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಕಲಿಯಲು ಬಂದ ಮಕ್ಕಳು. ಕಲಿಸುತ್ತಿದ್ದವರಲ್ಲಿ ಸವಿತಾ ಕಂಸ್ವಾಲ್ ಇದ್ದರು. ಕೆಲವೇ ತಿಂಗಳ ಹಿಂದೆ, ಮೇ ತಿಂಗಳಲ್ಲಿ, ಅವರು ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಹತ್ತಿ ಬಂದಿದ್ದರು. ಈ ಸಾಲುಗಳನ್ನು ಹೇಳುವುದು ನನಗೆ ಕಷ್ಟ.

ಇಷ್ಟೆಲ್ಲ ಕೇಳಿ, ಹಾಗಾದರೆ ಹಳೆಯ ಪರ್ವತಾರೋಹಣ ಸತ್ತುಹೋಯಿತಾ ಅಂತ ಅನ್ನಿಸಬಹುದು. ಇಲ್ಲ. ಅದು ಸುದ್ದಿಯಲ್ಲಿಲ್ಲ ಅಷ್ಟೆ. 2023ರ ಅಕ್ಟೋಬರಿನಲ್ಲಿ ಮೂವರು ಅಮೆರಿಕನ್ ಯುವಕರು ನೇಪಾಳದ ಜನ್ನು ಶಿಖರದ ಉತ್ತರ ಮುಖವನ್ನು ಆಲ್ಪೈನ್ ಸ್ಟೈಲಿನಲ್ಲಿ ಹತ್ತಿದರು. ಶಿಖರದ ಎತ್ತರ 7,710 ಮೀಟರ್. ಮೊದಲೇ ಕಟ್ಟಿದ ಹಗ್ಗ ಇಲ್ಲ, ಆಕ್ಸಿಜನ್ ಇಲ್ಲ. ಭಾರ ಉಳಿಸಲು ಮೂವರಿಗೂ ಒಂದೇ ಮಲಗುವ ಚೀಲ. 2024ರ ಜುಲೈಯಲ್ಲಿ ಜಪಾನಿನ ಕಝುಯಾ ಹಿರೈದೆ ಮತ್ತು ಕೆನ್ರೊ ನಕಾಜಿಮಾ ಕೆ2 ಪರ್ವತದ ಪಶ್ಚಿಮ ಮುಖದಲ್ಲಿ ಹೊಸ ದಾರಿ ಹುಡುಕುತ್ತಾ ಸುಮಾರು 7,500 ಮೀಟರ್ ಎತ್ತರದಿಂದ ಬಿದ್ದರು. ಅನೇಕ ವರ್ಷಗಳಿಂದ ಜೊತೆಯಾಗಿ ಹತ್ತುತ್ತಿದ್ದ ಜೋಡಿ ಅದು. ಹುಡುಕಿಹೋದ ಹೆಲಿಕಾಪ್ಟರ್ ಅಲ್ಲಿ ಇಳಿಯಲಾಗಲಿಲ್ಲ. ಇಂಥವರ ಪರ್ವತಾರೋಹಣ ಅಪಾಯವಿಲ್ಲದ್ದು ಅಂತ ನಾನು ಹೇಳುತ್ತಿಲ್ಲ. ತಮ್ಮ ಅಪಾಯವನ್ನು ಅವರು ಬೇರೆಯವರ ಬೆನ್ನಿಗೆ ಹೊರಿಸಲಿಲ್ಲ, ಅಷ್ಟು ಹೇಳಬಲ್ಲೆ.

ಉಪನ್ಯಾಸ ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. ಸರ್, ದುಡ್ಡು ಕೂಡಿಸಿ ಕಂಪನಿಯ ಜೊತೆ ದೊಡ್ಡ ಶಿಖರಕ್ಕೆ ಹೋಗುವುದು ತಪ್ಪಾ, ಅಂತ ಕೇಳಿದಳು. ತಪ್ಪಿಲ್ಲ, ಮಗಳೇ. ಆಸೆ ಇದ್ದರೆ ಹೋಗಬೇಕು. ಆದರೆ ಮೊದಲು ಚಿಕ್ಕ ಬೆಟ್ಟಗಳಲ್ಲಿ ಹಗ್ಗ ಹಿಡಿಯಲು ಕಲಿತುಕೋ. ಒಳ್ಳೆಯ ತರಬೇತಿಯಲ್ಲಿ ಹತ್ತುವ ಮುಂಚೆ ನಿನ್ನ ಗಂಟನ್ನು ಜೊತೆಗಾರರು ನೋಡಬೇಕು, ಅವರದ್ದನ್ನು ನೀನು ನೋಡಬೇಕು. ಜಾರಿದವರನ್ನು ಹಿಡಿದು ನಿಲ್ಲಿಸುವುದನ್ನು, ಬಿರುಕಿಗೆ ಬಿದ್ದವರನ್ನು ಮೇಲೆಳೆಯುವುದನ್ನು ಕಲಿಸುತ್ತಾರೆ. ಅದು ಕೈಗೆ ಹತ್ತಿದ ಮೇಲೆ ಕಂಪನಿ ಹುಡುಕು. ಹಣ ಕಟ್ಟುವ ಮುಂಚೆ ಕೇಳು. ನನ್ನ ಜೊತೆ ಬರುವ ಶೆರ್ಪಾಗೆ ವಿಮೆ ಎಷ್ಟು? ನನ್ನ ಸಾಮಾನಿಗಾಗಿ ಅವರು ಐಸ್‌ಫಾಲ್ ಎಷ್ಟು ಸಲ ದಾಟಬೇಕು? ಇಳಿಯಿರಿ ಅಂತ ಅವರು ಹೇಳಿದರೆ ಕೊನೆಯ ಮಾತು ಅವರದ್ದೋ, ಗ್ರಾಹಕರದ್ದೋ? ಅವರಿಗೇ ಹುಷಾರು ತಪ್ಪಿದರೆ ಹೆಲಿಕಾಪ್ಟರ್ ಖರ್ಚು ಯಾರದ್ದು? ಇವಕ್ಕೆ ಬರಹದಲ್ಲಿ ಉತ್ತರ ಕೊಡದ ಕಂಪನಿ ಎಷ್ಟೇ ಕಡಿಮೆ ಹಣಕ್ಕೆ ಕರೆದೊಯ್ಯುತ್ತೇನೆ ಅಂದರೂ, ಅದರ ಜೊತೆ ಹೋಗಬೇಡ.